ಭಾರತದ ಸ್ಕ್ವಾಷ್ ಆಟಗಾರರ ಏಳುಬೀಳು: ಮಂಗಳೂರು, ಉಡುಪಿಯ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ನಡೆದ ಸ್ಕ್ವಾಷ್ ವಿಶ್ವಕಪ್ಪನ್ನು ಭಾರತ ಗೆದ್ದ ಬಳಿಕ, ಅದುವರೆಗೆ ಈ ಆಟದ ಹೆಸರನ್ನಷ್ಟೇ ಕೇಳಿದ್ದ ನಮ್ಮ ಕರಾವಳಿಯ ಮನೆಗಳಲ್ಲಿಯೂ ಕುತೂಹಲ ಮೂಡಿದೆ. ಮಕ್ಕಳನ್ನು ಅಂಗಣಕ್ಕೆ ಕರೆತರುವ ತಂದೆತಾಯಂದಿರು ಮತ್ತು ಕಾಲೇಜು ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಗೆಲುವಿನ ಪಟ್ಟಿ ಎಲ್ಲೆಡೆ ಸಿಗುತ್ತದೆಯಾದ್ದರಿಂದ, ಆಟಗಾರರು ಎಡವಿದ ಮತ್ತು ಎದ್ದ ಸಂದರ್ಭಗಳಿಗೆ ಹೆಚ್ಚಿನ ಜಾಗ ಕೊಡಲಾಗಿದೆ.

ಸ್ಕ್ವಾಷ್ ಎಂದರೆ ಯಾವ ಆಟ?

9.75 ಮೀಟರ್ ಉದ್ದ, 6.4 ಮೀಟರ್ ಅಗಲದ ಒಂದು ಕೋಣೆಯೊಳಗೆ ಇಬ್ಬರು ಆಟಗಾರರು ಮುಂಭಾಗದ ಗೋಡೆಗೆ ಸಣ್ಣ ರಬ್ಬರ್ ಚೆಂಡನ್ನು ಸರದಿಯಂತೆ ಹೊಡೆಯುವ ಆಟವಿದು. ಚೆಂಡು ನೆಲಕ್ಕೆ ಎರಡನೆಯ ಬಾರಿ ಪುಟಿಯುವ ಮೊದಲು ಅದನ್ನು ಹಿಂದಿರುಗಿಸಬೇಕು. ಮುಂಗೋಡೆಯ ಬುಡದಲ್ಲಿರುವ ತಗಡಿನ ಪಟ್ಟಿಗೆ, ಅಂದರೆ ಟಿನ್‌ಗೆ, ಅದು ತಾಗಬಾರದು. 11 ಅಂಕಗಳಿಗೆ ಒಂದು ಗೇಮ್, 10-10ರಲ್ಲಿ ಸಮವಾದರೆ ಎರಡು ಅಂಕಗಳ ಅಂತರ ಬೇಕು, ಐದರಲ್ಲಿ ಮೂರು ಗೇಮ್ ಗೆದ್ದವರಿಗೆ ಪಂದ್ಯ. ಶಟಲ್ ಆಟದಂತೆ ನಡುವೆ ನೆಟ್ ಇಲ್ಲದಿರುವುದರಿಂದ ಇಬ್ಬರೂ ಒಂದೇ ಜಾಗಕ್ಕಾಗಿ ಓಡುತ್ತಾರೆ, ಆದ್ದರಿಂದ ಅಡ್ಡ ಬಂದ ಎದುರಾಳಿಯ ವಿಷಯದಲ್ಲಿ ಲೆಟ್ (ಅದೇ ಅಂಕವನ್ನು ಮತ್ತೆ ಆಡಿಸುವುದು) ಕೊಡಬೇಕೋ ಸ್ಟ್ರೋಕ್ (ಅಡ್ಡಿಗೊಳಗಾದವರಿಗೆ ಅಂಕವನ್ನೇ ಕೊಡುವುದು) ಕೊಡಬೇಕೋ ಎಂಬ ವಾದ ಪ್ರತಿ ಪಂದ್ಯದಲ್ಲಿಯೂ ಇದ್ದದ್ದೇ.

ಇದು ಶ್ರೀಮಂತರ ಕ್ಲಬ್ಬಿನ ಆಟವೆಂಬ ಮಾತು ನಿಜವೇ?

ಬಹುಕಾಲ ನಿಜವಾಗಿತ್ತು. ಬ್ರಿಟಿಷರ ದಂಡುಪ್ರದೇಶಗಳಲ್ಲಿ ಮತ್ತು ಮುಂಬೈ, ಕೋಲ್ಕತ್ತ, ದೆಹಲಿಯ ಜಿಮ್ಖಾನಾಗಳಲ್ಲಿ ಅಂಗಣಗಳು ಇದ್ದವೇ ಹೊರತು ಶಾಲೆಗಳಲ್ಲಿ ಇರಲಿಲ್ಲ. 1977ರಿಂದ 1982ರವರೆಗೆ ಸತತ ಆರು ಬಾರಿ ರಾಷ್ಟ್ರೀಯ ಚಾಂಪಿಯನ್ ಆದ ರಾಜ್ ಮನ್‌ಚಂದಾ ಸೇನಾಧಿಕಾರಿ; 1977ರಿಂದ 1992ರವರೆಗೆ ಸತತ 16 ಬಾರಿ ಮಹಿಳಾ ಪ್ರಶಸ್ತಿ ಗೆದ್ದ ಭುವನೇಶ್ವರಿ ಕುಮಾರಿ ರಾಜಸ್ಥಾನದ ಅಲ್ವರ್ ರಾಜಮನೆತನದವರು. ಇವರಿಬ್ಬರ ಸಾಧನೆಯನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ಆ ಕಾಲದಲ್ಲಿ ಅಂಗಣದ ಬಾಗಿಲು ಯಾರಿಗೆ ತೆರೆದಿತ್ತು ಎಂಬುದು ಈ ಎರಡು ಹೆಸರುಗಳಿಂದಲೇ ತಿಳಿಯುತ್ತದೆ.

ಆ ಬಾಗಿಲು ಸ್ವಲ್ಪ ಅಗಲವಾದದ್ದು 2000ದ ಸುಮಾರಿಗೆ ಚೆನ್ನೈನಲ್ಲಿ ಸ್ಕ್ವಾಷ್ ಅಕಾಡೆಮಿ ಆರಂಭವಾದ ಮೇಲೆ. ಸೈರಸ್ ಪೋಂಚಾ ಮತ್ತು ಮಲೇಷ್ಯಾದ ಮೇಜರ್ ಮಣಿಯಂ ಅವರ ತರಬೇತಿಯಲ್ಲಿ ಅಲ್ಲಿ ಬೆಳೆದವರೇ ಮುಂದಿನ ಎರಡು ದಶಕ ಭಾರತ ತಂಡದ ಬೆನ್ನೆಲುಬಾದರು. ಕೋಲ್ಕತ್ತದ ಸೌರವ್ ಘೋಷಾಲ್ ಊರು ಬಿಟ್ಟು ಚೆನ್ನೈಗೆ ಹೋದದ್ದು ಇದಕ್ಕಾಗಿಯೇ.

ಕಿರಿಯರ ವಿಭಾಗದಲ್ಲಿ ಮಿಂಚಿದವರು ಹಿರಿಯರ ವಿಭಾಗದಲ್ಲಿ ಏಕೆ ಕಾಣಿಸುವುದಿಲ್ಲ?

ಭಾರತದ ಸ್ಕ್ವಾಷ್ ಬಗ್ಗೆ ಕೇಳಬೇಕಾದ ಮುಖ್ಯ ಪ್ರಶ್ನೆಯೇ ಇದು ಎಂದು ನನ್ನ ಅಭಿಪ್ರಾಯ. ಉಳಿದ ಉತ್ತರಗಳು ಒಂದಲ್ಲ ಒಂದು ರೀತಿಯಲ್ಲಿ ಇದಕ್ಕೇ ಸೇರುತ್ತವೆ.

ಮೊದಲು ಇಸವಿಗಳನ್ನು ನೋಡೋಣ. ಸೌರವ್ ಘೋಷಾಲ್ ಬ್ರಿಟಿಷ್ ಜೂನಿಯರ್ ಓಪನ್‌ನ 19 ವರ್ಷದೊಳಗಿನವರ ಪ್ರಶಸ್ತಿ ಗೆದ್ದದ್ದು 2004ರಲ್ಲಿ, ವಿಶ್ವದ ಮೊದಲ ಹತ್ತರೊಳಗೆ ಬಂದದ್ದು 2019ರಲ್ಲಿ. ಜೋಷ್ನಾ ಚಿಣ್ಣಪ್ಪ ಅದೇ ಪ್ರಶಸ್ತಿಯನ್ನು ಬಾಲಕಿಯರ ವಿಭಾಗದಲ್ಲಿ ಗೆದ್ದದ್ದು 2005ರಲ್ಲಿ. ಅದೇ ವರ್ಷ ವಿಶ್ವ ಜೂನಿಯರ್ ಫೈನಲ್‌ನಲ್ಲಿ ಈಜಿಪ್ಟಿನ ರನೀಮ್ ಎಲ್ ವೆಲಿಲಿಗೆ ಸೋತರು. ರನೀಮ್ 2015ರಲ್ಲಿ ವಿಶ್ವದ ಒಂದನೆಯ ಸ್ಥಾನಕ್ಕೇರಿದರು, ಜೋಷ್ನಾ ಹತ್ತನೆಯ ಸ್ಥಾನ ಮುಟ್ಟಿದ್ದು 2016ರಲ್ಲಿ. ಒಂದೇ ಫೈನಲ್ ಆಡಿದ ಇಬ್ಬರು ಹುಡುಗಿಯರ ನಡುವೆ ಈ ಅಂತರ ಬರಲು ಪ್ರತಿಭೆಯೊಂದೇ ಕಾರಣವೆಂದು ನಾನು ನಂಬುವುದಿಲ್ಲ. ಕೈರೋದಲ್ಲಿ ಹುಡುಗಿಯೊಬ್ಬಳು ತನ್ನ ಊರಿನ ಕ್ಲಬ್ಬಿನಲ್ಲಿಯೇ ಪ್ರತಿದಿನ ವಿಶ್ವದರ್ಜೆಯ ಆಟಗಾರ್ತಿಯರೊಡನೆ ಅಭ್ಯಾಸ ಮಾಡಬಲ್ಲಳು. ಚೆನ್ನೈನಲ್ಲಿ ದೇಶಕ್ಕೇ ಒಂದನೆಯವಳಾದ ಮೇಲೆ, ತನಗಿಂತ ಬಲವಾದ ಎದುರಾಳಿಯನ್ನು ಹುಡುಕಿಕೊಂಡು ವಿಮಾನ ಹತ್ತಬೇಕು.

ಹಿರಿಯರ ವೃತ್ತಿಪರ ಪ್ರವಾಸದಲ್ಲಿ, ಅಂದರೆ ದೇಶದಿಂದ ದೇಶಕ್ಕೆ ಸಾಗುವ ಪಂದ್ಯಾವಳಿಗಳ ಸರಣಿಯಲ್ಲಿ, ಶ್ರೇಯಾಂಕವು ಹಿಂದಿನ ಒಂದು ವರ್ಷದ ಪಂದ್ಯಾವಳಿಗಳಿಂದ ನಿರ್ಧಾರವಾಗುತ್ತದೆ. ಶ್ರೇಯಾಂಕ ಕಡಿಮೆಯಿದ್ದರೆ ದೊಡ್ಡ ಪಂದ್ಯಾವಳಿಗೆ ಪ್ರವೇಶವಿಲ್ಲ. ಸಣ್ಣ ಪಂದ್ಯಾವಳಿಗಳ ಬಹುಮಾನದಿಂದ ವಿಮಾನದ ಖರ್ಚೂ ಹುಟ್ಟುವುದಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಪದಕಗಳೊಂದಿಗೆ ಬಂದ ಹುಡುಗ ಇಪ್ಪತ್ತೊಂದರಲ್ಲಿ ಯಾವುದೋ ದೇಶದ ಮೊದಲ ಸುತ್ತಿನಲ್ಲಿ ಸೋತು, ಮರುದಿನದ ಟಿಕೆಟ್ ಬದಲಿಸಲು ಹಣ ಹೊಂದಿಸುತ್ತಿರುತ್ತಾನೆ. ಆಟ ಬಿಡುವವರು ಹೆಚ್ಚಾಗಿ ಇಲ್ಲಿಯೇ ಬಿಡುತ್ತಾರೆ, ಮತ್ತು ಅವರು ಬಿಟ್ಟದ್ದು ಪತ್ರಿಕೆಗಳಲ್ಲಿ ಸುದ್ದಿಯಾಗುವುದಿಲ್ಲ. ದೀಪಿಕಾ ಪಳ್ಳಿಕಲ್ 2012ರಲ್ಲಿ, 21ರ ವಯಸ್ಸಿಗೇ ಮೊದಲ ಹತ್ತರೊಳಗೆ ಸೇರಿ ಈ ಮಟ್ಟ ಮುಟ್ಟಿದ ಮೊದಲ ಭಾರತೀಯರಾದರು. ಅದು ಅಪರೂಪದ ಉದಾಹರಣೆ; ಮಕ್ಕಳ ಎದುರು ಅಳತೆಗೋಲಾಗಿ ಹಿಡಿಯುವುದು ನ್ಯಾಯವಲ್ಲ.

ಘೋಷಾಲ್ ಅವರ ಇಂಚಿಯಾನ್ ಸೋಲಿನ ಬಗ್ಗೆ ಇಂದಿಗೂ ಮಾತನಾಡುತ್ತಾರಲ್ಲ, ಅಲ್ಲಿ ನಡೆದದ್ದೇನು?

ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ನಡೆದ 2014ರ ಏಷ್ಯನ್ ಗೇಮ್ಸ್‌ನ ಪುರುಷರ ಸಿಂಗಲ್ಸ್ ಫೈನಲ್‌ನಲ್ಲಿ ಅವರು ಕುವೈತಿನ ಅಬ್ದುಲ್ಲಾ ಅಲ್ ಮುಝಯೆನ್ ವಿರುದ್ಧ ಮೊದಲ ಎರಡು ಗೇಮ್‌ಗಳನ್ನು 12-10, 11-2ರಿಂದ ಗೆದ್ದಿದ್ದರು. ಮೂರನೆಯ ಗೇಮ್‌ನಲ್ಲಿ ಮ್ಯಾಚ್ ಪಾಯಿಂಟ್ ಕೂಡ ಅವರ ಕೈಯಲ್ಲಿತ್ತು. ಆ ಗೇಮ್ 12-14ರಿಂದ ಕೈತಪ್ಪಿತು, ಮುಂದಿನ ಎರಡೂ ಹೋದವು, ಚಿನ್ನದ ಬದಲು ಬೆಳ್ಳಿ ಬಂತು.

ಸೋಲಿಗಿಂತ ಅದರ ನಂತರದ ನಾಲ್ಕು ದಿನಗಳು ನನಗೆ ಹೆಚ್ಚು ಗಮನಾರ್ಹವೆನಿಸುತ್ತವೆ. ಅದೇ ಕೂಟದ ತಂಡ ವಿಭಾಗದ ಫೈನಲ್‌ನಲ್ಲಿ ಹರಿಂದರ್ ಪಾಲ್ ಸಂಧು ಮೊದಲ ಪಂದ್ಯ ಗೆದ್ದುಕೊಟ್ಟ ಮೇಲೆ, ಘೋಷಾಲ್ ಮಲೇಷ್ಯಾದ ಅನುಭವಿ ಓಂಗ್ ಬೆಂಗ್ ಹೀ ಅವರನ್ನು ಸೋಲಿಸಿ, ಏಷ್ಯನ್ ಗೇಮ್ಸ್ ಸ್ಕ್ವಾಷ್‌ನಲ್ಲಿ ಭಾರತದ ಮೊದಲ ಚಿನ್ನವನ್ನು ತಂದರು. ವೈಯಕ್ತಿಕ ಚಿನ್ನ ಮಾತ್ರ ಕೊನೆಗೂ ಬರಲಿಲ್ಲ. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ, 37ರ ವಯಸ್ಸಿನಲ್ಲಿ ಮತ್ತೆ ಫೈನಲ್ ತಲುಪಿ, ಮಲೇಷ್ಯಾದ ಇಂಗ್ ಇಯಾನ್ ಯೌ ವಿರುದ್ಧ ಮೊದಲ ಗೇಮ್ ಗೆದ್ದು ಉಳಿದ ಮೂರನ್ನು ಸೋತರು. 2024ರ ಏಪ್ರಿಲ್‌ನಲ್ಲಿ ವೃತ್ತಿಪರ ಪ್ರವಾಸದಿಂದ ನಿವೃತ್ತಿ ಘೋಷಿಸಿದಾಗ ಏಷ್ಯನ್ ಗೇಮ್ಸ್‌ನ ಒಂಬತ್ತು ಪದಕಗಳು ಅವರ ಬಳಿ ಇದ್ದವು.

ಅವರ ಹಾದಿಯಲ್ಲಿ ಇಂಗ್ಲೆಂಡಿನ ಪಾತ್ರವನ್ನು ಮರೆಯಬಾರದು. ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ಅವರು ಪಾಂಟಿಫ್ರಾಕ್ಟ್ ಎಂಬ ಸಣ್ಣ ಪಟ್ಟಣದ ಕ್ಲಬ್ಬಿನಲ್ಲಿ ಮಾಲ್ಕಮ್ ವಿಲ್‌ಸ್ಟ್ರಾಪ್ ಅವರ ಬಳಿ ಅಭ್ಯಾಸ ಮಾಡುತ್ತಿದ್ದರು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಅವರು ಕಂಚು ಗೆದ್ದದ್ದು ಅದೇ ಮಾಲ್ಕಮ್ ಅವರ ಮಗ, ತಮ್ಮ ಹಳೆಯ ಒಡನಾಡಿ ಜೇಮ್ಸ್ ವಿಲ್‌ಸ್ಟ್ರಾಪ್ ಅವರನ್ನು ಸೋಲಿಸಿ. ಅದು ಕಾಮನ್‌ವೆಲ್ತ್ ಗೇಮ್ಸ್‌ನ ಇತಿಹಾಸದಲ್ಲಿ ಸ್ಕ್ವಾಷ್ ಸಿಂಗಲ್ಸ್‌ನಿಂದ ಭಾರತಕ್ಕೆ ಬಂದ ಮೊದಲ ಪದಕ.

ಜೋಷ್ನಾ ಚಿಣ್ಣಪ್ಪ ನಮ್ಮ ಕೊಡಗಿನವರೇ?

ಮನೆತನ ಕೊಡಗಿನದು, ಹುಟ್ಟಿ ಬೆಳೆದದ್ದು ಚೆನ್ನೈ. ಸಂಪಾಜೆ ಘಾಟಿಯ ಆಚೆಗಿನವರೆಂಬ ಅಭಿಮಾನ ನಮಗಿದ್ದರೂ, ಅವರನ್ನು ಆಟಗಾರ್ತಿಯಾಗಿ ರೂಪಿಸಿದ್ದು ಚೆನ್ನೈನ ಅಂಗಣಗಳೆಂದು ಒಪ್ಪಲೇಬೇಕು.

ಮೊಣಕಾಲಿನ ಗಾಯದ ನಂತರವೂ ಅವರು ಹೇಗೆ ಮರಳಿದರು?

ಸ್ಕ್ವಾಷ್‌ನಲ್ಲಿ ಮುಂದಿನ ಮೂಲೆಯತ್ತ ಚಾಚಿ ಬಗ್ಗುವುದು, ಕ್ಷಣಾರ್ಧದಲ್ಲಿ ತಿರುಗಿ ಹಿಂದಿನ ಮೂಲೆಗೆ ಓಡುವುದು ನೂರಾರು ಬಾರಿ ನಡೆಯುತ್ತದೆ; ಈ ಚಲನೆಯ ಭಾರವೆಲ್ಲ ಬೀಳುವುದು ಮೊಣಕಾಲು ಮತ್ತು ಸೊಂಟದ ಮೇಲೆ. ಜೋಷ್ನಾ ಹದಿನಾಲ್ಕರ ವಯಸ್ಸಿಗೆ ರಾಷ್ಟ್ರೀಯ ಚಾಂಪಿಯನ್ ಆದವರು. ಮುಂದೆ ಮೊಣಕಾಲಿನ ಗಂಭೀರ ಗಾಯ ಅವರನ್ನು ತಿಂಗಳುಗಟ್ಟಲೆ ಆಟದಿಂದ ದೂರವಿಟ್ಟಿತು. ಅವರ ಶ್ರೇಷ್ಠ ವರ್ಷಗಳು ಬಂದದ್ದು ಆ ಗಾಯದ ಬಳಿಕ ಎಂಬುದನ್ನು ಗಮನಿಸಬೇಕು: 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ದೀಪಿಕಾ ಜತೆ ಡಬಲ್ಸ್ ಚಿನ್ನ, 2017ರಲ್ಲಿ ಮತ್ತು 2019ರಲ್ಲಿ ಏಷ್ಯನ್ ಚಾಂಪಿಯನ್ ಪಟ್ಟ, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ತಂಡ ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಮಹಾನ್ ಆಟಗಾರ್ತಿ ನಿಕೋಲ್ ಡೇವಿಡ್ ವಿರುದ್ಧದ ಗೆಲುವು. 2019ರಲ್ಲಿ 17ನೆಯ ರಾಷ್ಟ್ರೀಯ ಪ್ರಶಸ್ತಿಯೊಂದಿಗೆ ಭುವನೇಶ್ವರಿ ಕುಮಾರಿಯವರ ದಾಖಲೆಯನ್ನೂ ಮುರಿದರು.

ಹಾಂಗ್‌ಝೌ ಕೂಟದ ನಂತರ ಮೊಣಕಾಲು ಮತ್ತೆ ಕೈಕೊಟ್ಟಿತು. ಶಸ್ತ್ರಚಿಕಿತ್ಸೆಯಾಯಿತು, ಶ್ರೇಯಾಂಕ ಮೊದಲ ನೂರರಿಂದ ಹೊರಗೆ ಜಾರಿತು. 38ರ ಹೆಣ್ಣುಮಗಳು ಇನ್ನು ತರಬೇತುದಾರಳಾಗುವುದೇ ಸರಿ ಎಂದು ಹೇಳಲು ಯಾರಿಗೂ ಸಂಕೋಚವಿರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಅವರು ಜಪಾನ್ ಓಪನ್ ಗೆದ್ದರು; ಡಿಸೆಂಬರ್‌ನಲ್ಲಿ ಅಭಯ್ ಸಿಂಗ್, ವೇಲವನ್ ಸೆಂಥಿಲ್‌ಕುಮಾರ್, ಅನಾಹತ್ ಸಿಂಗ್ ಜತೆಗೆ ವಿಶ್ವಕಪ್ ತಂಡದಲ್ಲಿದ್ದು, ಹಾಂಗ್‌ಕಾಂಗ್ ವಿರುದ್ಧ 3-0ಯಿಂದ ಗೆದ್ದ ಫೈನಲ್‌ನ ಮೊದಲ ಪಂದ್ಯವನ್ನು ಗೆದ್ದುಕೊಟ್ಟರು. ಆದರೆ ಗಾಯಗೊಂಡ ಪ್ರತಿಯೊಬ್ಬರೂ ಹೀಗೆ ಮರಳುತ್ತಾರೆಂದು ಇದರಿಂದ ತೀರ್ಮಾನಿಸಬೇಡಿ. ಪ್ರಾಯೋಜಕರ ಬೆಂಬಲ, ಒಳ್ಳೆಯ ಫಿಸಿಯೋಥೆರಪಿ ಮತ್ತು ಅವಸರ ಮಾಡದ ಮನೆಯವರು ಇವರಿಗಿದ್ದರು. ಮೂರೂ ಕೂಡಿಬರುವುದು ಅಪರೂಪ.

ದೀಪಿಕಾ ಪಳ್ಳಿಕಲ್ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆಡದೇ ಉಳಿದದ್ದು ಏಕೆ?

ಮಹಿಳಾ ಚಾಂಪಿಯನ್ನರಿಗೆ ಪುರುಷರಿಗಿಂತ ಕಡಿಮೆ ಬಹುಮಾನದ ಹಣ ಕೊಡುವುದನ್ನು ಪ್ರತಿಭಟಿಸಿ 2012ರಿಂದ 2015ರವರೆಗೆ ಅವರು ಆ ಪಂದ್ಯಾವಳಿಯಿಂದ ದೂರ ಉಳಿದರು. 2016ರಲ್ಲಿ ಮೊತ್ತವನ್ನು ಸಮಗೊಳಿಸಿದಾಗ ಮರಳಿ ಬಂದು, ಫೈನಲ್‌ನಲ್ಲಿ ಜೋಷ್ನಾ ಅವರನ್ನು ಸೋಲಿಸಿ ಗೆದ್ದರು. ತಮ್ಮ ಉತ್ತಮ ವರ್ಷಗಳಲ್ಲಿ ನಾಲ್ಕು ರಾಷ್ಟ್ರೀಯ ಪ್ರಶಸ್ತಿಗಳ ಅವಕಾಶವನ್ನು ಬಿಟ್ಟುಕೊಡುವುದು ಸಣ್ಣ ಬೆಲೆಯಲ್ಲ. ಅದರ ಫಲ ಇಂದು ಬಹುಮಾನ ಪಡೆಯುವ ಪ್ರತಿ ಹುಡುಗಿಗೂ ಸಿಗುತ್ತಿದೆ.

ಅವರ ಎರಡನೆಯ ವಿರಾಮ ತಾಯ್ತನದ್ದು. 2021ರ ಅಕ್ಟೋಬರ್‌ನಲ್ಲಿ ಅವಳಿ ಮಕ್ಕಳಾದವು. 2022ರ ಏಪ್ರಿಲ್‌ನಲ್ಲಿ ಗ್ಲಾಸ್ಗೋದ ವಿಶ್ವ ಡಬಲ್ಸ್ ಚಾಂಪಿಯನ್‌ಷಿಪ್‌ನಲ್ಲಿ ಒಂದೇ ದಿನ ಘೋಷಾಲ್ ಜತೆ ಮಿಶ್ರ ಡಬಲ್ಸ್ ಹಾಗೂ ಜೋಷ್ನಾ ಜತೆ ಮಹಿಳಾ ಡಬಲ್ಸ್ ಗೆದ್ದರು. (ಘೋಷಾಲ್ ಅವರ ಪತ್ನಿ ದೀಪಿಕಾ ಅವರ ಸಹೋದರಿ, ಹಾಗಾಗಿ ಒಂದು ಪ್ರಶಸ್ತಿ ಭಾವ ನಾದಿನಿಯರದ್ದೇ.) ಮರುವರ್ಷ ಹಾಂಗ್‌ಝೌದಲ್ಲಿ ಹರಿಂದರ್ ಪಾಲ್ ಸಂಧು ಜತೆ ಮಿಶ್ರ ಡಬಲ್ಸ್ ಚಿನ್ನವೂ ಬಂತು. ಸಿಂಗಲ್ಸ್‌ನ ದಣಿವು ತಾಳಿಕೊಳ್ಳಲು ಆಗದ ವಯಸ್ಸಿನಲ್ಲಿ ಡಬಲ್ಸ್ ಭಾರತೀಯರಿಗೆ ಎರಡನೆಯ ಆಯುಸ್ಸು ಕೊಟ್ಟಿದೆ ಎಂದರೆ ತಪ್ಪಾಗಲಾರದು.

ಪಿಯುಸಿಗೆ ಬಂದಾಗ ಆಟ ಬಿಡಿಸಬೇಕೇ?

ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ವರ್ಷವೂ ಮುಂಚೂಣಿಯಲ್ಲಿರುವ ಎರಡು ಜಿಲ್ಲೆಗಳಲ್ಲಿ ಈ ಪ್ರಶ್ನೆ ಬಾರದಿದ್ದರೇ ಆಶ್ಚರ್ಯ. ನೀಟ್, ಸಿಇಟಿ ತರಗತಿಗಳು ಬೆಳಗಿನ ಹೊತ್ತನ್ನು ನುಂಗಿದ ಮೇಲೆ, 17 ಮತ್ತು 19 ವರ್ಷದೊಳಗಿನವರ ವಿಭಾಗಕ್ಕೆ ನಮ್ಮ ಕಡೆಯಿಂದ ಹೋಗುವ ಮಕ್ಕಳು ವಿರಳ. ಆಟದ ಪೆಟ್ಟುಗಳಿಗಿಂತ ಈ ವಯಸ್ಸಿನ ಬಿಡುವಿಕೆಯೇ ಹೆಚ್ಚು ಮಂದಿಯನ್ನು ಕಳೆದಿದೆ.

ಓದು ಮತ್ತು ಆಟ ಒಟ್ಟಿಗೆ ಸಾಗುವುದಿಲ್ಲವೆಂಬ ನಂಬಿಕೆಗೆ ಸ್ಕ್ವಾಷ್ ಅಷ್ಟಾಗಿ ಒಗ್ಗುವುದಿಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳು ಈ ಆಟವನ್ನು ಗಂಭೀರವಾಗಿ ಪರಿಗಣಿಸುತ್ತವೆ. ರಮಿತ್ ಟಂಡನ್, ವೇಲವನ್ ಸೆಂಥಿಲ್‌ಕುಮಾರ್ ಮತ್ತು ತನ್ವಿ ಖನ್ನಾ ಕೊಲಂಬಿಯಾದಲ್ಲಿ, ಅನಕಾ ಅಲಂಕಾಮಣಿ ಪೆನ್ಸಿಲ್ವೇನಿಯಾದಲ್ಲಿ ಓದಿದರು. ಟಂಡನ್ ಪದವಿಯ ಬಳಿಕ ನ್ಯೂಯಾರ್ಕಿನ ಹೆಡ್ಜ್ ಫಂಡ್ (ಹೂಡಿಕೆ ಸಂಸ್ಥೆ) ಒಂದರಲ್ಲಿ ಕೆಲಸಕ್ಕೂ ಸೇರಿ, ಆ ಸಂಬಳ ಬಿಟ್ಟು ವೃತ್ತಿಪರ ಪ್ರವಾಸಕ್ಕೆ ಮರಳಿದವರು. ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದ ಈಜಿಪ್ಟಿನ ಅಲಿ ಫರಗ್ ಕೂಡ ಹಾರ್ವರ್ಡಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ ಮೇಲೆಯೇ ಪೂರ್ಣಾವಧಿ ಆಟಗಾರರಾದರು.

ಇಲ್ಲಿ ಎರಡು ಎಚ್ಚರಿಕೆಗಳು. ಕೊಲಂಬಿಯಾ, ಹಾರ್ವರ್ಡ್ ಮುಂತಾದ ಐವಿ ಲೀಗ್ ಸಂಸ್ಥೆಗಳಲ್ಲಿ ಕ್ರೀಡೆಯ ಹೆಸರಿನ ವಿದ್ಯಾರ್ಥಿವೇತನ ಇಲ್ಲ. ನೆರವು ಸಿಗುವುದು ಕುಟುಂಬದ ಆದಾಯವನ್ನು ನೋಡಿ. ಎರಡನೆಯದಾಗಿ, 18ರಿಂದ 22ರವರೆಗಿನ ವರ್ಷಗಳು ವೃತ್ತಿಪರ ಪ್ರವಾಸದಿಂದ ಬಹುಮಟ್ಟಿಗೆ ಹೊರಗೇ ಕಳೆಯುತ್ತವೆ, ಹಿಂದಿರುಗಿದಾಗ ಶ್ರೇಯಾಂಕವನ್ನು ತಳದಿಂದ ಕಟ್ಟಬೇಕಾಗುತ್ತದೆ. ಆದರೂ ಕೈಯಲ್ಲಿ ಪದವಿ ಇರುವಾಗ ಇಪ್ಪತ್ತೈದರವರೆಗೆ ಸೋಲುವ ಧೈರ್ಯ ಇರುತ್ತದೆ, ಮತ್ತು ಭಾರತದ ಆಟಗಾರರು ತಡವಾಗಿ ಮಾಗುವುದನ್ನು ಮೇಲೆ ನೋಡಿದ್ದೇವೆ.

ಒಲಿಂಪಿಕ್ಸ್‌ನಲ್ಲಿ ಇಲ್ಲದಿದ್ದದ್ದು ಎಷ್ಟು ನಷ್ಟ ತಂದಿತು?

ಬಹಳ. ಸರ್ಕಾರದ ಅನುದಾನ, ಸಾರ್ವಜನಿಕ ಸಂಸ್ಥೆಗಳ ಉದ್ಯೋಗ, ಪ್ರಾಯೋಜಕರ ಆಸಕ್ತಿ ಇವೆಲ್ಲ ನಮ್ಮ ದೇಶದಲ್ಲಿ ಒಲಿಂಪಿಕ್ಸ್ ಸುತ್ತಲೇ ಸುತ್ತುತ್ತವೆ. 2012, 2016, 2020, 2024ರ ಕೂಟಗಳಿಗೆ ಸ್ಕ್ವಾಷ್ ಸೇರ್ಪಡೆಯಾಗಲಿಲ್ಲ. ಹೀಗಾಗಿ ಘೋಷಾಲ್ ಅವರ ಪೀಳಿಗೆಗೆ ನಾಲ್ಕು ವರ್ಷಕ್ಕೊಮ್ಮೆ ಬರುವ ಏಷ್ಯನ್ ಗೇಮ್ಸ್ ಮತ್ತು ಕಾಮನ್‌ವೆಲ್ತ್ ಗೇಮ್ಸ್‌ಗಳೇ ಶಿಖರ. ಕೊನೆಗೆ 2023ರ ಅಕ್ಟೋಬರ್‌ನಲ್ಲಿ, ಮುಂಬೈಯಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲಿ, 2028ರ ಲಾಸ್ ಏಂಜಲೀಸ್ ಕೂಟಕ್ಕೆ ಅನುಮತಿ ದೊರೆಯಿತು. ಪುರುಷರು 16, ಮಹಿಳೆಯರು 16 ಮಾತ್ರ ಅಲ್ಲಿ ಆಡುತ್ತಾರೆ. ಆರು ತಿಂಗಳ ಬಳಿಕ ಘೋಷಾಲ್ ನಿವೃತ್ತರಾದರು. ವಯಸ್ಸಿನ ಲೆಕ್ಕ ಇಷ್ಟು ನಿರ್ದಯವಾಗಿರುವುದು ಕ್ರೀಡೆಯಲ್ಲಿ ಹೊಸತಲ್ಲವಾದರೂ, ಈ ಪ್ರಸಂಗ ನನಗೆ ಇಂದಿಗೂ ಕಸಿವಿಸಿ ಉಂಟುಮಾಡುತ್ತದೆ.

ಈಗಿನ ಪೀಳಿಗೆಯಲ್ಲಿ ಯಾರನ್ನು ನೋಡಬೇಕು?

ಅಭಯ್ ಸಿಂಗ್ ಅವರನ್ನು, ಅದರಲ್ಲಿಯೂ ಹಾಂಗ್‌ಝೌ ತಂಡ ವಿಭಾಗದ ಫೈನಲನ್ನು. ಪಾಕಿಸ್ತಾನದ ವಿರುದ್ಧ 1-1ರಲ್ಲಿ ನಿಂತಿದ್ದಾಗ ಅವರು ನೂರ್ ಝಮಾನ್ ಎದುರು ಐದನೆಯ ಗೇಮ್‌ನಲ್ಲಿ 8-10ರ ಹಿನ್ನಡೆಯಲ್ಲಿದ್ದರು. ಅಲ್ಲಿಂದ ಸತತ ನಾಲ್ಕು ಅಂಕ ಗಳಿಸಿ 12-10ರಿಂದ ಚಿನ್ನ ಗೆದ್ದುಕೊಟ್ಟರು. ದೆಹಲಿಯ ಅನಾಹತ್ ಸಿಂಗ್ 2008ರಲ್ಲಿ ಹುಟ್ಟಿದವರು, 14ರ ವಯಸ್ಸಿಗೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಡಿದರು, 2023ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು, 2025ರ ವಿಶ್ವ ಜೂನಿಯರ್‌ನಲ್ಲಿ ಕಂಚು ಪಡೆದರು. ಕಿರಿಯರಿಂದ ಹಿರಿಯರಿಗೆ ದಾಟುವ ಕಷ್ಟದ ವರ್ಷಗಳು ಅವರಿಗೆ ಈಗ ಎದುರಾಗಿವೆ. ಹಿಂದಿನವರಿಗಿಲ್ಲದ ಅನುಕೂಲವೊಂದು ಅವರಿಗಿದೆ: 2025ರ ಏಷ್ಯನ್ ಡಬಲ್ಸ್‌ನಲ್ಲಿ ಅವರ ಜತೆಗಾರ್ತಿಯಾಗಿ ಗೆದ್ದವರು ಜೋಷ್ನಾ. ಇಪ್ಪತ್ತು ವರ್ಷ ಆ ದಾರಿ ನಡೆದವರೊಬ್ಬರು ಅದೇ ಅಂಗಣದಲ್ಲಿ ಪಕ್ಕದಲ್ಲಿಯೇ ಇದ್ದಾರೆ.

ಮಗುವಿಗೆ ಶಟಲ್ ಚೆನ್ನಾಗಿ ಬರುತ್ತದೆ. ಸ್ಕ್ವಾಷ್‌ಗೆ ಬದಲಾಯಿಸಬಹುದೇ?

ಬದಲಾಯಿಸಬಹುದು, ಅನಾಹತ್ ಕೂಡ ಬ್ಯಾಡ್ಮಿಂಟನ್‌ನಿಂದಲೇ ಬಂದವರು. ಕೈಮಣಿಕಟ್ಟಿನ ಚುರುಕು ಉಪಯೋಗಕ್ಕೆ ಬರುತ್ತದೆ, ಆದರೆ ಗೋಡೆಯಿಂದ ಮರಳಿದ ಚೆಂಡಿಗಾಗಿ ಕಾಯುವ ತಾಳ್ಮೆಯನ್ನು ಹೊಸದಾಗಿ ಕಲಿಯಬೇಕು. ಎರಡು ಹಳದಿ ಚುಕ್ಕೆಯ ಸ್ಪರ್ಧಾ ಚೆಂಡು ಬಿಸಿಯಾಗದೆ ಪುಟಿಯುವುದಿಲ್ಲ, ಆದ್ದರಿಂದ ಆರಂಭದಲ್ಲಿ ಹೆಚ್ಚು ಪುಟಿಯುವ ಚೆಂಡನ್ನೇ ಕೊಡಿ. ಕಿರಿಯರ ಸ್ಪರ್ಧೆಗಳಲ್ಲಿ ರಕ್ಷಣಾ ಕನ್ನಡಕ ಕಡ್ಡಾಯ. ಅಭ್ಯಾಸದಲ್ಲಿಯೂ ಅದನ್ನು ತೆಗೆಯಲು ಬಿಡಬೇಡಿ.

ನಮ್ಮ ಮಳೆಗಾಲದಲ್ಲಿ ಆಡಲು ಸಾಧ್ಯವೇ, ಎಲ್ಲಿ ಆಡುವುದು?

ಮಣಿಪಾಲದ ಮರೇನಾ ಒಳಾಂಗಣ ಸಂಕೀರ್ಣದಲ್ಲಿ ಸ್ಕ್ವಾಷ್ ಅಂಗಣಗಳಿವೆ. ಮಂಗಳೂರಿನವರು ಹತ್ತಿರದ ಕ್ಲಬ್ಬುಗಳಲ್ಲಿ ಸದಸ್ಯರಲ್ಲದವರಿಗೆ ಪ್ರವೇಶವಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಾಡದ ಅಂಗಣದ ಗೋಡೆ ಬೆವರುತ್ತದೆ; ತೇವಕ್ಕೆ ತಾಗಿದ ಚೆಂಡು ಪುಟಿಯುವ ಬದಲು ಜಾರುತ್ತದೆ, ಮರದ ನೆಲದಲ್ಲಿ ಕಾಲೂ ಜಾರುತ್ತದೆ. ಅಂತಹ ದಿನ ಆಟವನ್ನು ಬಿಟ್ಟು ಕಾಲ್ಚಲನೆ ಮತ್ತು ಸ್ನಾಯುಬಲದ ವ್ಯಾಯಾಮ ಮಾಡಿಸಿ.

ಗಂಭೀರ ಸ್ಪರ್ಧೆ ಬೇಕೆನಿಸಿದಾಗ ಬೆಂಗಳೂರಿಗೆ, ಆಮೇಲೆ ಚೆನ್ನೈಗೆ ಓಡಾಡಲೇಬೇಕು. ಮಂಗಳೂರು ಸೆಂಟ್ರಲ್‌ನಿಂದ ಚೆನ್ನೈಗೆ ನೇರ ರೈಲುಗಳಿವೆ. ವರ್ಷದ ರಾಷ್ಟ್ರೀಯ ಪಂದ್ಯಾವಳಿಗಳ ಪಟ್ಟಿ ಬಂದ ಕೂಡಲೇ, ಶಾಲೆಯ ಪರೀಕ್ಷಾ ದಿನಾಂಕಗಳ ಜತೆ ಹೋಲಿಸಿ, ಹೋಗಬಹುದಾದ ಮೂರೋ ನಾಲ್ಕೋ ಪಂದ್ಯಾವಳಿಗಳನ್ನು ಮಾತ್ರ ಆರಿಸಿ ಟಿಕೆಟ್ ಕಾಯ್ದಿರಿಸಿ.